ಒಂದು ಗ್ರಾಂ ಕಬ್ಬಿಣ

ವೇದಾವತಿ ನದಿಯು ಹಗರಿ ಎಂಬ ಹೆಸರಿನಿಂದ ಹರಿಯುವ, ಅಥವಾ ವರ್ಷದ ಬಹುಕಾಲ ಬರಿಯ ಮರಳಾಗಿ ಮಲಗಿರುವ ಬಯಲಿನಲ್ಲಿ ಕಣೇಕಲ್ಲು ಇದೆ. ಆಂಧ್ರ ರಾಜ್ಯವು 1953ರ ಅಕ್ಟೋಬರ್ 1ರಂದು ರಚನೆಯಾದಾಗ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ಆದವಾನಿ, ಆಲೂರು, ರಾಯದುರ್ಗ ಎಂಬ ಮೂರು ತಾಲ್ಲೂಕುಗಳಲ್ಲಿ ಕೊನೆಯದಕ್ಕೆ ಸೇರಿದ್ದ ಈ ಊರು ಅನಂತಪುರ ಜಿಲ್ಲೆಯ ಪಾಲಿಗೆ ಬಂದು, ಕಚೇರಿಯ ಕಾಗದ ತೆಲುಗಿಗೆ ತಿರುಗಿದರೂ, ಸುತ್ತಲಿನ ಅನೇಕ ಮನೆಗಳ ಒಲೆಯ ಮುಂದಿನ ಮಾತು ಕನ್ನಡವಾಗಿಯೇ ಉಳಿಯಿತು. ನದಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬಗಳಾಗಿ ಕೂರುವ ನೆಲವೂ, ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯಿಂದ ಭತ್ತ ಬೆಳೆಯುವ ನೆಲವೂ ಒಂದೇ ಮಂಡಲದಲ್ಲಿ ಪಕ್ಕಪಕ್ಕದಲ್ಲಿರುವ ಈ ಸೀಮೆಯಲ್ಲಿ, ಹಾಗೆಯೇ ಜಿಲ್ಲೆಯ ಇನ್ನೊಂದು ತುದಿಯಲ್ಲಿದ್ದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾ ಭಾಗದಲ್ಲಿ, ಬಸುರಿಯರ ಆರೈಕೆಯು ಕಳೆದ ಒಂದು ತಲೆಮಾರಿನಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಆದರೆ ಬದಲಾದದ್ದು ಹೆರಿಗೆಯ ಜಾಗವೇ ಹೊರತು ಹೆರುವವಳ ಮೈಯೊಳಗಿನ ರಕ್ತವಲ್ಲ ಎಂಬುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳು ಹೇಳುತ್ತವೆ. ಆಂಧ್ರಪ್ರದೇಶದಲ್ಲಿ ಆಸ್ಪತ್ರೆಯಲ್ಲಿ ಆಗುವ ಹೆರಿಗೆಗಳ ಪ್ರಮಾಣವು ನಾಲ್ಕನೆಯ ಸಮೀಕ್ಷೆಯಲ್ಲಿ ಶೇ 91.5ರಷ್ಟಿದ್ದದ್ದು ಐದನೆಯದರಲ್ಲಿ, ಎಂದರೆ 2019–21ರಲ್ಲಿ, ಶೇ 96.5ಕ್ಕೆ ಏರಿತು; ಅದೇ ಅವಧಿಯಲ್ಲಿ ರಕ್ತಹೀನತೆಯಿದ್ದ ಗರ್ಭಿಣಿಯರ ಪ್ರಮಾಣವು ಶೇ 52.9ರಿಂದ ಇಳಿಯುವ ಬದಲು ಶೇ 53.7 ಆಯಿತು. ಗಡಿಯಾಚೆಯ ಕರ್ನಾಟಕದಲ್ಲಿಯೂ ಅದು ಶೇ 45ರ ಆಸುಪಾಸಿನಲ್ಲಿಯೇ ನಿಂತಿದೆ.

ರಕ್ತಹೀನತೆ ಎಂಬ ಪುಸ್ತಕದ ಪದಕ್ಕೆ ಈ ಭಾಗದ ಆಡುಮಾತಿನಲ್ಲಿ ‘ರಕ್ತ ಕಮ್ಮಿ’ ಎನ್ನುವುದೇ ರೂಢಿಯಾಗಿದ್ದರೂ ಕಡಿಮೆಯಾಗುವುದು ರಕ್ತದ ಪ್ರಮಾಣವಲ್ಲ, ಅದರೊಳಗಿನ ಹಿಮೋಗ್ಲೋಬಿನ್ ಎಂಬ, ಕಬ್ಬಿಣವನ್ನು ಒಡಲಲ್ಲಿಟ್ಟುಕೊಂಡು ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತು ಮೈಯೆಲ್ಲ ಹಂಚುವ ಕೆಂಪು ವಸ್ತು. ಬಸುರಿಯ ಮೈಯಲ್ಲಿ ರಕ್ತದ ಒಟ್ಟು ಪ್ರಮಾಣವು ವಾಸ್ತವವಾಗಿ ಹೆಚ್ಚುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುವಾಗ ಕೆಂಪು ಕಣಗಳು ಕಾಲುಭಾಗದಷ್ಟು ಮಾತ್ರ ಹೆಚ್ಚುವುದರಿಂದ, ನೆಂಟರು ಬಂದ ದಿನ ಸಾರಿಗೆ ನೀರು ಬೆರೆಸಿದಂತೆ, ರಕ್ತ ತೆಳುವಾಗುತ್ತದೆ. ಇಷ್ಟು ತೆಳುವಾಗುವುದು ಸಹಜವೆಂದು ಒಪ್ಪಿಯೇ ವಿಶ್ವ ಆರೋಗ್ಯ ಸಂಸ್ಥೆಯು ಗರ್ಭಿಣಿಯ ಮಟ್ಟಿಗೆ ಹಿಮೋಗ್ಲೋಬಿನ್ನಿನ ಗೆರೆಯನ್ನು 12ಕ್ಕೆ ಬದಲು ಡೆಸಿಲೀಟರಿಗೆ 11 ಗ್ರಾಂಗೆ ಇಳಿಸಿದೆ. 10ರಿಂದ 10.9ರವರೆಗಿನದು ಸೌಮ್ಯ, 7ರಿಂದ 9.9ರವರೆಗಿನದು ಮಧ್ಯಮ, 7ಕ್ಕಿಂತ ಕೆಳಗಿನದು ತೀವ್ರ ಎಂಬ ವಿಂಗಡಣೆ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೂ ಕಾಣಸಿಗುತ್ತದೆ.

ಒಂದು ಬಸುರಿಗೆ ಒಟ್ಟು ಬೇಕಾಗುವ ಹೆಚ್ಚಿನ ಕಬ್ಬಿಣ ಎಷ್ಟು ಎಂಬ ಲೆಕ್ಕಕ್ಕೆ ಉತ್ತರ ಸುಮಾರು 1,000 ಮಿಲಿಗ್ರಾಂ, ಅಂದರೆ ಒಂದು ಗ್ರಾಂ. ಇದರಲ್ಲಿ ಸುಮಾರು 300 ಮಿ.ಗ್ರಾಂ ಕೂಸಿಗೂ ಮಾಸಿಗೂ ಹೋದರೆ, ಅರ್ಧದಷ್ಟು ತಾಯಿಯ ಹೆಚ್ಚಿದ ಕೆಂಪು ಕಣಗಳಿಗೆ ಬೇಕಾಗುತ್ತದೆ, ಉಳಿದದ್ದು ನಿತ್ಯದ ಸವಕಳಿಗೆ ಸಲ್ಲುತ್ತದೆ. ಚಿಟಿಕೆ ಉಪ್ಪಿಗಿಂತ ಹೆಚ್ಚು ತೂಗದ ಈ ಒಂದು ಗ್ರಾಂ ಒಂಬತ್ತು ತಿಂಗಳ ಮೇಲೆ ಸಮನಾಗಿ ಹರಡಿಕೊಂಡಿದ್ದರೆ ಕಷ್ಟವಿರುತ್ತಿರಲಿಲ್ಲ. ಬೇಡಿಕೆಯ ಬಹುಪಾಲು ಕೊನೆಯ ಐದು ತಿಂಗಳಲ್ಲಿ ಒಟ್ಟಿಗೇ ಬರುತ್ತದೆ, ಆಗ ದಿನವೊಂದಕ್ಕೆ 5–6 ಮಿ.ಗ್ರಾಂ ಕಬ್ಬಿಣ ತಟ್ಟೆಗೆ ಬಿದ್ದರೆ ಸಾಲದು, ಕರುಳಿನ ಗೋಡೆಯನ್ನು ದಾಟಿ ರಕ್ತಕ್ಕೆ ಸೇರಬೇಕು. ಮದುವೆಗೆ ಮುಂಚೆಯೇ ಮೈಯಲ್ಲಿ ಕಬ್ಬಿಣದ ಕೂಡಿಟ್ಟ ಗಂಟು ಇದ್ದ ಹೆಣ್ಣು ಈ ಐದು ತಿಂಗಳನ್ನು ಅದರಿಂದ ದಾಟಿಯಾಳು. ಗಂಟೇ ಇಲ್ಲದವಳು ಸಾಲದಲ್ಲಿ ಆರಂಭಿಸಿ ಸಾಲದಲ್ಲಿಯೇ ಹೆರುತ್ತಾಳೆ. ಆಂಧ್ರಪ್ರದೇಶದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರ ಪೈಕಿ ಶೇ 29.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತೆಂದು ಅದೇ ಸಮೀಕ್ಷೆ ಹೇಳುವಾಗ, ಚೊಚ್ಚಲು ಬಸುರಿಯ ಒಡಲೊಳಗೆ ಕೂಸು ಮಾತ್ರವಲ್ಲ, ಬೆಳವಣಿಗೆ ಮುಗಿಯದ ಹುಡುಗಿಯೊಬ್ಬಳೂ ಅದೇ ಕಬ್ಬಿಣಕ್ಕೆ ಕೈಚಾಚಿರುತ್ತಾಳೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.

ಕಬ್ಬಿಣವೊಂದೇ ಕಾರಣವಲ್ಲ ಎಂಬ ಅರಿವು ಭಾರತದ ಬಸುರಿಯರಿಂದಲೇ ಜಗತ್ತಿಗೆ ದೊರೆತದ್ದು. ಲಂಡನ್ನಿನ ವೈದ್ಯೆ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ, ರಕ್ತಕಣಗಳು ಗಾತ್ರದಲ್ಲಿ ದೊಡ್ಡವಾಗಿಯೂ ಸಂಖ್ಯೆಯಲ್ಲಿ ಕಡಿಮೆಯಾಗಿಯೂ ಇರುವ ಒಂದು ಬಗೆಯ ರಕ್ತಹೀನತೆಯನ್ನು ಅಭ್ಯಾಸ ಮಾಡಿ, ಅದು ಯೀಸ್ಟಿನ ಸಾರವಾದ ಮಾರ್ಮೈಟ್ ಎಂಬ ಅಗ್ಗದ ತಿನಿಸಿನಿಂದ ಗುಣವಾಗುವುದನ್ನು 1931ರಲ್ಲಿ ಪ್ರಕಟಿಸಿದರು. ಬಹುಕಾಲ ‘ವಿಲ್ಸ್ ಅಂಶ’ ಎಂದೇ ಕರೆಸಿಕೊಂಡ ಆ ವಸ್ತು 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಟ್ಟು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಮ್ಲ ಎಂಬ ಹೆಸರು ಪಡೆಯಿತು. ಇಂದು ಕಣೇಕಲ್ಲಿನ ಅಂಗನವಾಡಿಯಲ್ಲಿ ಕೈಗೆ ಸಿಗುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗೆ ಅದು ಇರುವುದು ಆ ಗಿರಣಿ ಕೂಲಿ ಹೆಂಗಸರ ರಕ್ತಪರೀಕ್ಷೆಯ ಫಲ.

ಹಗರಿ ಬಯಲಿನ ಊಟದ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಬೇಕು. ಕಣೇಕಲ್ಲು, ರಾಯದುರ್ಗದ ಕಡೆ ಜೋಳ, ಸಜ್ಜೆಗಳ ರೊಟ್ಟಿಯೂ, ಪಾವಗಡ, ಶಿರಾ, ಮಧುಗಿರಿಗಳಿಗೆ ಹತ್ತಿಕೊಂಡಿರುವ ಮಡಕಶಿರಾ ಕಡೆ ರಾಗಿಮುದ್ದೆಯೂ ದಿನದ ಊಟವಾಗಿದ್ದ ಕಾಲದಲ್ಲಿ ಅನ್ನ ಹಬ್ಬದ ಪದಾರ್ಥವಾಗಿತ್ತು. ಕಾಲುವೆಯ ನೀರು ಭತ್ತವನ್ನು ತಂದಿತು; 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿಯನ್ನು ತಂದಿತು. ಮಳೆಯಾಶ್ರಿತ ಹೊಲಗಳನ್ನು ಶೇಂಗಾ ನುಂಗಿತು. ಎರಡು ರೂಪಾಯಿಯ ಅಕ್ಕಿ ಬರಗಾಲದ ನಾಡಿನಲ್ಲಿ ಹಸಿವನ್ನು ತಡೆದದ್ದು ಸಣ್ಣ ಸಂಗತಿಯಲ್ಲ, ಅದನ್ನು ಜರೆಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ ನೂರು ಗ್ರಾಂ ಸಜ್ಜೆಯಲ್ಲಿ ಆರು ಮಿ.ಗ್ರಾಂಗೆ ಮಿಕ್ಕಿ, ರಾಗಿಯಲ್ಲಿ ನಾಲ್ಕೂವರೆಯಷ್ಟು, ಜೋಳದಲ್ಲಿ ನಾಲ್ಕರ ಹತ್ತಿರ ಕಬ್ಬಿಣವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿ.ಗ್ರಾಂ ಕೂಡ ಇಲ್ಲ. ತಟ್ಟೆ ಬಿಳಿಯಾದಷ್ಟೂ ಕಬ್ಬಿಣ ಕಡಿಮೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಪಡಿತರದ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳುಗಳನ್ನು ಬೆರೆಸಿ ಕೊಡತೊಡಗಿದ್ದು, ಒಂದು ಕೈ ಕಳೆದದ್ದನ್ನು ಇನ್ನೊಂದು ಕೈ ಹುಡುಕಿ ತಂದಂತೆ. ಮಾಮೂಲಿ ಅಕ್ಕಿಗಿಂತ ಬೇರೆಯಾಗಿ ಕಾಣುವ ಆ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಶಂಕಿಸಿ ಆರಿಸಿ ಬಿಸಾಡುವ ಮನೆಗಳೂ ಇವೆ.

ರಾಗಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆಂಬ ಇತ್ತೀಚಿನ ಸಿರಿಧಾನ್ಯದ ಉತ್ಸಾಹಕ್ಕೂ ಒಂದು ಮಿತಿಯಿದೆ. ಧಾನ್ಯದ ಹೊರಪದರದಲ್ಲಿರುವ ಫೈಟೇಟ್ ಎಂಬ ರಂಜಕದ ಸಂಯುಕ್ತವೂ, ರಾಗಿಗೆ ಕಡುಬಣ್ಣ ಕೊಡುವ ಟ್ಯಾನಿನ್ ಎಂಬ ಒಗರು ವಸ್ತುವೂ ಕಬ್ಬಿಣವನ್ನು ಕರುಳಿನಲ್ಲಿ ಕಟ್ಟಿಹಾಕುವುದರಿಂದ, ಧಾನ್ಯಪ್ರಧಾನವಾದ ಊಟದಲ್ಲಿ ಮೈಗೆ ಹತ್ತುವುದು ಒಟ್ಟು ಕಬ್ಬಿಣದ ಶೇ 5ರಿಂದ 8ರಷ್ಟು ಮಾತ್ರ. ಇನ್ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆ ಉಂಡ ಬಸುರಿಗೆ ಅದರಿಂದ ದಕ್ಕುವುದು ಒಂದು ಮಿಲಿಗ್ರಾಂಗೂ ಕಡಿಮೆ ಎಂದಾಯಿತು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಿನಲ್ಲಿ ಫೈಟೇಟು ಇಳಿಯುತ್ತದೆ. ಊಟದ ಜೊತೆ ಹಿಂಡಿದ ನಿಂಬೆಹಣ್ಣು, ತಿಂದ ಸೀಬೆ, ನೆಲ್ಲಿಕಾಯಿಗಳಲ್ಲಿರುವ ಸಿ ಜೀವಸತ್ವವು ಕಟ್ಟನ್ನು ಸಡಿಲಿಸುತ್ತದೆ. ಊಟವಾದ ಕೂಡಲೇ ಕುಡಿದ ಚಹಾ ಮತ್ತೆ ಬಿಗಿಯುತ್ತದೆ. ಕೂಲಿಗೆ ಹೋಗುವ ಹೆಂಗಸಿಗೆ ಹಸಿವನ್ನು ಮುಂದೂಡುವ ಸಾಧನವೂ ಅದೇ ಚಹಾ ಆಗಿರುವುದು ಇಲ್ಲಿನ ತೊಡಕು. ತಳಿಯನ್ನೇ ಬದಲಿಸುವ ಇನ್ನೊಂದು ದಾರಿ ಬೆಳಗಾವಿ ಜಿಲ್ಲೆಯ ಕಬ್ಬೂರಿನಲ್ಲಿ ಪರೀಕ್ಷೆಗೆ ಒಳಗಾಗಿದೆ. ಕಬ್ಬಿಣ ಹೆಚ್ಚಿರುವಂತೆ ಬೆಳೆಸಿದ ಸಜ್ಜೆಯನ್ನು ಅಲ್ಲಿನ ಪುಟ್ಟ ಮಕ್ಕಳಿಗೆ ಉಣಿಸಿ, ಅದರಿಂದ ಅವರಿಗೆ ಬೇಕಾದಷ್ಟು ಕಬ್ಬಿಣ ದಕ್ಕುತ್ತದೆಂದು ತೋರಿಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಅನಂತಪುರದ ನೀರಿಗೂ ಇಲ್ಲಿ ಪಾತ್ರವಿದೆ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆಯ ಈ ಪ್ರದೇಶದಲ್ಲಿ ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ನೀರಿನಲ್ಲಿ ಫ್ಲೋರೈಡು ಏರಿ, ಹಲ್ಲು ಕಂದಾಗುವ, ಮೂಳೆ ಬಾಗುವ ಫ್ಲೋರೋಸಿಸ್ ಜಿಲ್ಲೆಯ ಹಳೆಯ ಪಿಡುಗಾಯಿತು. 1990ರ ದಶಕದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕೊಳವೆ ಹಾಕಿದ್ದರ ಹಿಂದೆ ಈ ಕಾರಣವೂ ಇತ್ತು. ಫ್ಲೋರೈಡು ಮೂಳೆಯನ್ನಷ್ಟೇ ಅಲ್ಲ, ಆಹಾರವನ್ನು ಹೀರುವ ಕರುಳಿನ ಒಳಪದರವನ್ನೂ ಕೆಡಿಸುತ್ತದೆಂದು ವಾದಿಸುತ್ತ ಬಂದ ವಿಜ್ಞಾನಿ ಎ.ಕೆ. ಸುಶೀಲಾ ಮತ್ತು ಸಂಗಡಿಗರು, ದೆಹಲಿಯ ರಕ್ತಹೀನ ಗರ್ಭಿಣಿಯರ ನೀರು, ಆಹಾರಗಳಿಂದ ಫ್ಲೋರೈಡನ್ನು ತೆಗೆದು ಪೌಷ್ಟಿಕ ಆಹಾರ ಸೇರಿಸಿದಾಗ ಹಿಮೋಗ್ಲೋಬಿನ್ ಏರಿ, ಕಡಿಮೆ ತೂಕದ ಕೂಸುಗಳು ಕಡಿಮೆಯಾದದ್ದನ್ನು 2010ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಾತ್ರೆ ನುಂಗಿಯೂ ರಕ್ತ ಏರದ ಬಸುರಿಯ ಕೊಡದ ನೀರನ್ನು ಪರೀಕ್ಷಿಸುವ ಪದ್ಧತಿ ಆರೋಗ್ಯ ಇಲಾಖೆಗಳಲ್ಲಿ ಇನ್ನೂ ಬೇರೂರಿಲ್ಲ, ಅನಂತಪುರದಂಥ ಜಿಲ್ಲೆಯಲ್ಲಾದರೂ ಅದು ಎಂದೋ ಆಗಬೇಕಿತ್ತು. ಇನ್ನು ಭತ್ತದ ಗದ್ದೆಯ ಹಸಿನೆಲದಲ್ಲಿ ಬರಿಗಾಲಲ್ಲಿ ದುಡಿಯುವವರ ಪಾದದ ಚರ್ಮವನ್ನು ತೂರಿ ಒಳಹೋಗುವ ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿ ದಿನವೂ ಹನಿಹನಿಯಾಗಿ ರಕ್ತ ಹೀರುವುದರಿಂದ, ನಾಲ್ಕನೆಯ ತಿಂಗಳು ಹಿಡಿದ ಮೇಲೆ ಒಂದು ಸಲ 400 ಮಿ.ಗ್ರಾಂ ಅಲ್ಬೆಂಡಜೋಲ್ ಕೊಡುವುದು ಸರ್ಕಾರಿ ಕ್ರಮದ ಭಾಗವಾಗಿದೆ.

ಆರೈಕೆಯ ರೂಢಿಗಳನ್ನು ಮೂಢನಂಬಿಕೆ ಎಂಬ ಒಂದೇ ಮಾತಿನಲ್ಲಿ ಕಟ್ಟಿಡುವುದು ಸುಲಭವಾದರೂ ಅವುಗಳ ಒಳಗೆ ಒಂದು ತರ್ಕವಿರುತ್ತದೆ. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನ್ನಕ್ಕೂ ಕೂಸಿಗೂ ಹೊಟ್ಟೆಯಲ್ಲಿ ಒಂದೇ ಜಾಗವೆಂದೂ, ಹೆಚ್ಚು ಉಂಡರೆ ಕೂಸಿಗೆ ಇಕ್ಕಟ್ಟಾಗುತ್ತದೆಂದೂ, ಕೂಸು ದಪ್ಪವಾದರೆ ಹೆರಿಗೆ ಕಷ್ಟವಾಗುತ್ತದೆಂದೂ ಹೆಂಗಸರು ವಿವರಿಸಿದ್ದು ದಾಖಲಾಗಿದೆ. ಆಸ್ಪತ್ರೆಯೂ ಶಸ್ತ್ರಚಿಕಿತ್ಸೆಯೂ ದೂರವಿದ್ದ ಕಾಲದಲ್ಲಿ ಅಡ್ಡಗಟ್ಟಿದ ಹೆರಿಗೆ ಎಂದರೆ ಸಾವೇ ಆಗಿದ್ದಾಗ, ಚಿಕ್ಕ ಕೂಸನ್ನು ಬಯಸುವುದು ಅಜ್ಞಾನವಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕಾಚಾರವಾಗಿತ್ತು. ಲೆಕ್ಕ ಹಾಕಿದ ಪರಿಸ್ಥಿತಿ ಹೋಯಿತು, ಲೆಕ್ಕ ಉಳಿಯಿತು. ಹಾಗೆಯೇ ಬಸುರು ನಿಂತದ್ದನ್ನು ಮೂರು ತಿಂಗಳು ತುಂಬುವವರೆಗೆ ಹೊರಗೆ ಬಾಯಿಬಿಡಬಾರದು, ಕಣ್ಣು ತಾಗುತ್ತದೆ ಎಂಬ ಎಚ್ಚರಿಕೆಯು ಗರ್ಭಪಾತಗಳು ಹೆಚ್ಚಾಗಿ ಆಗುವುದು ಆ ಮೂರು ತಿಂಗಳಲ್ಲಿಯೇ ಎಂಬ ಅನುಭವದಿಂದ ಹುಟ್ಟಿದ್ದಿರಬೇಕು. ಆದರೆ ಹೆಸರು ನೋಂದಾಯಿಸಿ ಮೊದಲ ರಕ್ತಪರೀಕ್ಷೆ ಮಾಡಬೇಕಾದ ಹನ್ನೆರಡು ವಾರಗಳೂ ಅವೇ. ಪಪ್ಪಾಯಿ, ಎಳ್ಳು ‘ಉಷ್ಣ’ವೆಂದು ತಟ್ಟೆಯಿಂದ ದೂರವಾಗುತ್ತವೆ, ಕೆಲವು ಮನೆಗಳಲ್ಲಿ ಮೊಟ್ಟೆಯೂ ಅವುಗಳ ಹಿಂದೆಯೇ ಹೋಗುತ್ತದೆ. ಬಯಕೆಯ ವಿಷಯದಲ್ಲಿ ಮಾತ್ರ ಹಿರಿಯರು ಉದಾರಿಗಳು. ಸುಟ್ಟ ಮಣ್ಣು, ಬೂದಿ, ಹಸಿ ಅಕ್ಕಿ ತಿನ್ನಬೇಕೆನಿಸುವ ಬಯಕೆ ಎಷ್ಟೋ ಸಲ ಕಬ್ಬಿಣದ ಕೊರತೆಯದೇ ಲಕ್ಷಣವಾಗಿದ್ದು, ಅದನ್ನು ತೀರಿಸುವುದಕ್ಕಿಂತ ಅದನ್ನು ಕಂಡು ರಕ್ತ ಪರೀಕ್ಷೆಗೆ ಕರೆದೊಯ್ಯುವುದು ವಾಸಿ. ಸುಸ್ತು, ದಮ್ಮು, ತಲೆತಿರುಗುಗಳನ್ನು ‘ಬಸುರಿಗೆ ಇರುವುದೇ’ ಎಂದು ತಳ್ಳಿಹಾಕುವ ರೂಢಿ ಇವೆಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ರೋಗವನ್ನೇ ಸ್ಥಿತಿಯೆಂದು ತಿಳಿಯುತ್ತದೆ.

ಸರ್ಕಾರದ ಉತ್ತರ 1970ರಿಂದಲೂ ಮಾತ್ರೆಯೇ. ಆ ವರ್ಷ ಆರಂಭವಾದ ರಾಷ್ಟ್ರೀಯ ಪೋಷಣಾ ರಕ್ತಹೀನತೆ ತಡೆ ಕಾರ್ಯಕ್ರಮವು ಹಲವು ಹೆಸರುಗಳನ್ನು ದಾಟಿ 2018ರಲ್ಲಿ ‘ಅನೀಮಿಯಾ ಮುಕ್ತ ಭಾರತ’ವಾಗಿ, 60 ಮಿ.ಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಕೆಂಪು ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕೊಡಬೇಕೆಂದು ವಿಧಿಸಿತು. ಲೆಕ್ಕ ಸರಿಯಾಗಿಯೇ ಇದೆ: 180 ಮಾತ್ರೆಗಳಲ್ಲಿರುವ ಹತ್ತು ಗ್ರಾಂಗೂ ಮಿಕ್ಕ ಕಬ್ಬಿಣದಲ್ಲಿ ಹತ್ತರಲ್ಲೊಂದು ಪಾಲು ಮೈಗೆ ಹತ್ತಿದರೂ ಬಸುರಿನ ಒಂದು ಗ್ರಾಂ ಸಾಲ ತೀರುತ್ತದೆ. ತಪ್ಪುವುದು ನುಂಗುವಲ್ಲಿ. 2019–21ರ ಸಮೀಕ್ಷೆಯ ಪ್ರಕಾರ ದೇಶದಲ್ಲಿ 180 ದಿನ ಅಥವಾ ಹೆಚ್ಚು ಕಾಲ ಮಾತ್ರೆ ತೆಗೆದುಕೊಂಡವರು ಶೇ 26 ಮಾತ್ರ. ವಾಕರಿಕೆ, ಮಲಬದ್ಧತೆ, ಕಪ್ಪಗಾಗುವ ಮಲ ಇವುಗಳಿಂದ ಹೆದರಿ ನಿಲ್ಲಿಸುವವರಿಗೆ, ಕಪ್ಪು ಬಣ್ಣವು ಹೀರದೆ ಉಳಿದ ಕಬ್ಬಿಣದ್ದೆಂದೂ ಅದರಿಂದ ಕೂಸಿನ ಬಣ್ಣಕ್ಕೆ ಏನೂ ಆಗದೆಂದೂ, ವಾಕರಿಕೆಗೆ ರಾತ್ರಿ ಊಟದ ಮೇಲೆ ಮಲಗುವ ಮುನ್ನ ನುಂಗುವುದೇ ಉಪಾಯವೆಂದೂ, ಜೊತೆಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು ಅದೇ ಹೊತ್ತಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆಂದೂ ಯಾರಾದರೂ ಕುಳಿತು ಹೇಳಬೇಕು; ಅದೂ ಅವರ ಮಾತಿನಲ್ಲಿ ಹೇಳಬೇಕು. ಕೂಸು ಬೆಳ್ಳಗಾಗಲೆಂದು ಸಾಲ ಮಾಡಿಯಾದರೂ ಕೇಸರಿ ತರುವ ಮನೆಯಲ್ಲಿ ಪುಕ್ಕಟೆ ಮಾತ್ರೆಯ ಪಟ್ಟಿ ಗೂಡಿನಲ್ಲಿ ಧೂಳು ತಿನ್ನುವುದಕ್ಕೆ ಬಡತನವೊಂದೇ ಕಾರಣವಾಗಲಾರದು.

ಅಳೆಯುವ ಸಾಧನದ ಬಗೆಗೂ ಒಂದು ತಕರಾರು ಇದೆ. ಬೆರಳ ತುದಿಯ ಹನಿರಕ್ತವನ್ನು ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆರೆಸಿ, ಕಂದುಬಣ್ಣ ಬಂದ ಮೇಲೆ ನೀರು ಸೇರಿಸುತ್ತ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ಕಣ್ಣಳತೆಯಲ್ಲಿ ನೋಡುವ ಸಾಹ್ಲಿ ವಿಧಾನದ ಜಾಗಕ್ಕೆ ಅಂಕಿ ತೋರಿಸುವ ಯಂತ್ರ ಬಂದಿದ್ದರೂ, ಬೆರಳಿನ ರಕ್ತದ ಅಳತೆ ರಕ್ತನಾಳದಿಂದ ತೆಗೆದ ರಕ್ತದ ಅಳತೆಗೆ ಸರಿಹೊಂದದೆ ದೇಶದ ರಕ್ತಹೀನತೆಯನ್ನು ಹಿಗ್ಗಿಸಿ ತೋರಿಸುತ್ತಿದೆಯೆಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮುಂತಾದವರು ವಾದಿಸಿದ್ದಾರೆ. ವಾದದಲ್ಲಿ ಹುರುಳಿದೆ, ಆದರೆ ಅದು ಗೆರೆಯ ಅಕ್ಕಪಕ್ಕದಲ್ಲಿರುವವರ ಎಣಿಕೆಯ ಪ್ರಶ್ನೆಯೇ ಹೊರತು, ಆರು ಗ್ರಾಂಗೆ ಇಳಿದು ಏದುಸಿರು ಬಿಡುವವಳದಲ್ಲ. ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಹೋದರೆ ಹನ್ನೆರಡು ಗ್ರಾಂನವಳು ತಡೆದುಕೊಂಡಾಳು, ಆರು ಗ್ರಾಂನವಳಿಗೆ ಅಷ್ಟೇ ಮಾರಕವಾದೀತು. ಆ ಸ್ಥಿತಿಯಲ್ಲಿ ಮಾತ್ರೆಗೆ ಸಮಯವಿರುವುದಿಲ್ಲ. ರಕ್ತನಾಳದ ಮೂಲಕ ಕಬ್ಬಿಣ ಕೊಡುವುದು, ತೀರ ಇಳಿದಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತವನ್ನೇ ಕೊಡುವುದು ಉಳಿದ ದಾರಿ. ಮಧ್ಯಮ ಪ್ರಮಾಣದ ರಕ್ತಹೀನತೆಗೂ ದಿನದಿನದ ಮಾತ್ರೆಯ ಬದಲು ಒಂದೇ ಸಲದ ಚುಚ್ಚುಮದ್ದು ಆದೀತೇ ಎಂಬುದನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಪಾಲುದಾರಿಕೆಯಲ್ಲಿ ಕರ್ನಾಟಕ, ರಾಜಸ್ಥಾನಗಳ 4,320 ಗರ್ಭಿಣಿಯರನ್ನು ಗುರಿಯಾಗಿಟ್ಟುಕೊಂಡು 2021ರಲ್ಲಿ ಆರಂಭಿಸಿದ ಪ್ರಯೋಗ ಪರಿಶೀಲಿಸಿತು.

ಕಣೇಕಲ್ಲಿನ ಮಟ್ಟಿಗೆ ಆಸ್ಪತ್ರೆಯ ಚರಿತ್ರೆಯಲ್ಲಿ ಸರ್ಕಾರದಷ್ಟೇ ದೊಡ್ಡ ಹೆಸರು ಆರ್.ಡಿ.ಟಿ. ಎಂದು ಜನ ಕರೆಯುವ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನದು. ಸ್ಪೇನಿನಿಂದ ಬಂದು 1969ರಲ್ಲಿ ಅನಂತಪುರದಲ್ಲಿ ನೆಲೆನಿಂತ ವಿನ್ಸೆಂಟ್ ಫೆರರ್ ಕಟ್ಟಿದ ಈ ಸಂಸ್ಥೆ ಬತ್ತಲಪಲ್ಲಿ, ಕಲ್ಯಾಣದುರ್ಗಗಳಲ್ಲಿ ಮಾತ್ರವಲ್ಲದೆ ಕಣೇಕಲ್ಲಿನಲ್ಲಿಯೂ ಆಸ್ಪತ್ರೆ ತೆರೆದದ್ದರಿಂದ ಹೆರಿಗೆಯೆಂದರೆ ಬಳ್ಳಾರಿಯ ದಾರಿಯನ್ನೇ ನೋಡಬೇಕಾಗಿದ್ದ ಊರುಗಳಿಗೆ ಹತ್ತಿರದ ಬಾಗಿಲೊಂದು ದೊರೆಯಿತು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ಪರೀಕ್ಷಿಸುವ ಏರ್ಪಾಡು 2016ರಿಂದ ನಡೆದಿದೆ. ಆಂಧ್ರದ ಅಂಗನವಾಡಿಗಳಲ್ಲಿ 2020ರಿಂದ ‘ಸಂಪೂರ್ಣ ಪೋಷಣ’ದ ಹೆಸರಿನಲ್ಲಿ ಮೊಟ್ಟೆ, ಹಾಲು, ರಾಗಿಹಿಟ್ಟು, ಅವಲಕ್ಕಿ, ಬೆಲ್ಲ, ಶೇಂಗಾ ಚಿಕ್ಕಿ, ಒಣಖರ್ಜೂರಗಳು ಬಂದಿವೆ, ಕರ್ನಾಟಕದಲ್ಲಿ 2017ರ ಗಾಂಧಿ ಜಯಂತಿಯಂದು ಆರಂಭವಾದ ‘ಮಾತೃಪೂರ್ಣ’ವು ಬಿಸಿಯೂಟವನ್ನು ಅಂಗನವಾಡಿಯಲ್ಲೇ ಬಡಿಸಿತು. ಮನೆಗೆ ಒಯ್ದ ಪದಾರ್ಥ ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ, ಅಲ್ಲೇ ಉಣ್ಣುವ ಊಟಕ್ಕೆ ಬಸುರಿ ನಡೆದು ಬರಲಾರಳು ಎಂಬ ಎರಡೂ ತಕರಾರುಗಳಲ್ಲಿ ನಿಜವಿದೆ.

ಈ ಎರಡು ರಾಜ್ಯಗಳ ಯೋಜನೆಗಳು ಒಂದೇ ಹೆಂಗಸಿನ ಒಂದೇ ಬಸುರಿನಲ್ಲಿ ಸಂಧಿಸುವುದು ಗಡಿನಾಡಿನ ವಿಶೇಷ. ಮೊಳಕಾಲ್ಮೂರಿಗೋ ಚಳ್ಳಕೆರೆಗೋ ಬಳ್ಳಾರಿಗೋ ಮದುವೆಯಾಗಿ ಹೋದ ಕಣೇಕಲ್ಲಿನ ಮಗಳು, ಕನ್ನಡದ ತಾಯಿ ಕಾರ್ಡಿನಲ್ಲಿ ಹೆಸರು ಬರೆಸಿ, ಸೀಮಂತ ಮುಗಿಸಿಕೊಂಡು ಏಳನೆಯ ತಿಂಗಳಲ್ಲಿ ಚೊಚ್ಚಲು ಹೆರಿಗೆಗೆ ತವರಿಗೆ ಬಂದರೆ, ಕಬ್ಬಿಣದ ಬೇಡಿಕೆ ತುತ್ತತುದಿಗೆ ಏರಿರುವ ಹೊತ್ತಿನಲ್ಲಿಯೇ ಆಶಾ ಕಾರ್ಯಕರ್ತೆ, ಕಾರ್ಡಿನ ಭಾಷೆ, ಮಾತ್ರೆ ಪಡೆಯುವ ಕೇಂದ್ರ ಎಲ್ಲವೂ ಬದಲಾಗುತ್ತವೆ. ತವರಿನ ಉಪಚಾರದಲ್ಲಿ ಒಬ್ಬಟ್ಟು ಹೆಚ್ಚಬಹುದು, ಮಾತ್ರೆಯ ಎಣಿಕೆ ಮುರಿಯುತ್ತದೆ. ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ದಂಪತಿಗಳದೂ ಇದೇ ಕಥೆ, ಅಲ್ಲಿ ತವರಿನ ಒಬ್ಬಟ್ಟೂ ಇರುವುದಿಲ್ಲ.

ಹೆರಿಗೆಯೊಂದಿಗೆ ಎಲ್ಲರ ಗಮನ ತೊಟ್ಟಿಲಿಗೆ ತಿರುಗುತ್ತದೆ. ಬಾಣಂತಿಗೆ ನೀರು ಕಡಿಮೆ, ಸೊಪ್ಪು ಶೀತ, ಕಾಯಿಪಲ್ಲೆ ನಂಜು ಎಂಬ ಪಥ್ಯದ ತಿಂಗಳುಗಳಲ್ಲಿ ಎರಡನೆಯ 180 ಮಾತ್ರೆಗಳ ನೆನಪು ಮನೆಗಳಲ್ಲಿ ಉಳಿಯುವುದು ಅಪರೂಪ, ವರ್ಷ ತುಂಬುವುದರೊಳಗೆ ಮತ್ತೆ ಬಸುರಾದವಳು ಹಳೆಯ ಸಾಲದ ಮೇಲೆ ಹೊಸ ಸಾಲ ಹೊರುತ್ತಾಳೆ. ಕೂಸಿಗೆ ಸಲ್ಲುವ ಪಾಲಿನ ಕೊನೆಯ ಕಂತು ಹೊಕ್ಕುಳಬಳ್ಳಿಯಲ್ಲಿ ಇರುತ್ತದೆ. ಹುಟ್ಟಿದ ಕೂಡಲೇ ಅವಸರದಿಂದ ಕತ್ತರಿಸದೆ ಒಂದು ನಿಮಿಷವಾದರೂ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು, ಆ ನಿಮಿಷದಲ್ಲಿ ಮಾಸಿನಿಂದ ಹರಿದುಬರುವ ರಕ್ತದಲ್ಲಿ ಕೂಸಿನ ಮುಂದಿನ ಕೆಲವು ತಿಂಗಳ ಕಬ್ಬಿಣ ಇರುವುದರಿಂದ. ಎದೆಹಾಲಿನಲ್ಲಿ ಕಬ್ಬಿಣ ಅತ್ಯಲ್ಪವಾದ್ದರಿಂದ ಆರು ತಿಂಗಳ ಹೊತ್ತಿಗೆ ಈ ಬುತ್ತಿಯೂ ಮುಗಿಯುತ್ತ ಬರುತ್ತದೆ. ರಾಗಿಸರಿ ಆರಂಭವಾಗುವ ಅದೇ ತಿಂಗಳಿನಿಂದ, ತಾಯಿಯ ಕಾರ್ಡಿನಲ್ಲಿಯೇ ಇರುವ ಮಗುವಿನ ಪುಟಗಳಲ್ಲಿ, ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್ ಸಿರಪ್ಪಿನಲ್ಲಿ 20 ಮಿ.ಗ್ರಾಂ ಕಬ್ಬಿಣ ಕುಡಿಸುವ ಇನ್ನೊಂದು ಲೆಕ್ಕ ತೊಡಗುತ್ತದೆ.